‘ಸುಮಾರ’ ಎಂಬ ಮಾತಿಗೆ ನಾನು ಕೊಟ್ಟ ಅರ್ಥ

ಬಶೀರ್ ಸಾಹೇಬರೇ, ನಿಮ್ಮ ಮಾತನ್ನು ನಾನು ತಪ್ಪಾಗಿ ಅರ್ಥಮಾಡಿಕೊಂಡೆನೆಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಸರಿಯಾಗಿಯೇ ಅರ್ಥಮಾಡಿಕೊಂಡಿದ್ದೆ. ಅರ್ಥಮಾಡಿಕೊಂಡೇ ತಿರುಚಿದೆ.

ನಾವಿಬ್ಬರೂ ಒಂದೇ ಕಂಪನಿಯವರು; ಕಾರಿನ ಸ್ಟಿಯರಿಂಗಿಗೆ ಬೇಕಾದ ಪುಟ್ಟ ಮೋಟಾರುಗಳನ್ನು ಮಾಡುವವರು. ನಾನು ಸೌತ್‌ಫೀಲ್ಡಿನ ಕಚೇರಿಯಲ್ಲಿ ಸಾಮಗ್ರಿ ಕೊಳ್ಳುವವಳು, ನೀವು ಲಿವೋನಿಯಾದ ಲ್ಯಾಬಿನಲ್ಲಿ ಅದನ್ನು ಪರೀಕ್ಷಿಸುವವರು. ಡೆಟ್ರಾಯಿಟ್ ಸುತ್ತಲಿನ ಕಾರ್ಖಾನೆಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ಚೀನಾ ತನ್ನ ವಿರಳ ಲೋಹಗಳ ರಫ್ತನ್ನು ಬಿಗಿಮಾಡಿತು. ಆ ಲೋಹಗಳಿಲ್ಲದೆ ನಮಗೆ ಬೇಕಾದಂಥ ಶಕ್ತಿಯ ಅಯಸ್ಕಾಂತವಿಲ್ಲ, ಅಯಸ್ಕಾಂತವಿಲ್ಲದೆ ನಮ್ಮ ಮೋಟಾರಿಲ್ಲ. ಮ್ಯಾನೇಜರ್ ದಿಕ್ಕೆಟ್ಟಿದ್ದರು. ನಾನು — ಹೇಳಿಬಿಡುತ್ತೇನೆ — ಒಳಗೊಳಗೇ ಹಿಗ್ಗಿದ್ದೆ.

ಏಕೆಂದರೆ ನನ್ನ ಬಳಿ ಒಂದು ಆದರ್ಶವಿತ್ತು. ಆ ಲೋಹಗಳ ಗಣಿಯ ಪಕ್ಕದ ಹಳ್ಳಿಗಳಲ್ಲಿ ವಿಷದ ಕೆಸರು ನಿಲ್ಲುವ ಚಿತ್ರಗಳನ್ನು ನೋಡಿದಂದಿನಿಂದ, ಭೂಮಿಯನ್ನು ಅಗೆಯದೆಯೇ ಅಯಸ್ಕಾಂತ ಸಿಗಬೇಕೆಂದು ಕನ್ನಡ ಸಂಘದ ವೇದಿಕೆಯಲ್ಲೂ ಭಾಷಣ ಮಾಡುತ್ತಿದ್ದವಳು ನಾನು. ಶಾಮ್‌ಬರ್ಗಿನ ಒಬ್ಬ ವ್ಯಾಪಾರಿ ಹಳೆಯ ಕಂಪ್ಯೂಟರುಗಳ ಡಿಸ್ಕಿನಿಂದ ಅಯಸ್ಕಾಂತ ತೆಗೆದು, ಪುಡಿಮಾಡಿ, ಹೊಸದಾಗಿ ರೂಪಿಸಿ ಮಾರುತ್ತಿದ್ದ. ಮಾದರಿಗಳನ್ನು ನಿಮಗೆ ಕಳುಹಿಸಿದೆ. ಎಂಜಿನ್ನಿನ ಬಿಸಿಯನ್ನು ಅವು ತಾಳಬೇಕು — ಪ್ರಶ್ನೆ ಅಷ್ಟೇ ಆಗಿತ್ತು.

ಆರ್ಡರ್ ಕೊಡಬೇಕಾದ ಬೆಳಿಗ್ಗೆ ನಿಮಗೆ ಫೋನ್ ಮಾಡಿದೆ. “ಒಂದೇ ಮಾತಿನಲ್ಲಿ ಹೇಳಿ ಸಾಹೇಬರೇ.”

“ಡಿಬೇಟ್ ಅಕ್ಕಾರ ಒಂದ ಮಾತು ಸಾಕಂತಾರಂದ್ರ ಇವತ್ತ ಸೂರ್ಯ ಯಾವ ಕಡೆ ಹುಟ್ಯಾನ?” ಎಂದು ನನ್ನನ್ನು ಛೇಡಿಸಿ ನಕ್ಕಿರಿ. ಆಮೇಲೆ ನಗು ನಿಲ್ಲಿಸಿ ಹೇಳಿದಿರಿ: “ಸುಮಾರ ಅದಾವ್ರಿ. ಗಡಿಬಿಡಿ ಮಾಡಬ್ಯಾಡ್ರಿ, ಪೂರ್ತಿ ರಿಪೋರ್ಟ್ ಬರ್ಲಿ.”

ಸುಮಾರ. ನೀವು ಹುಬ್ಬಳ್ಳಿಯವರು, ನಾನು ಮೈಸೂರಿನವಳು. ಆದರೆ ಈ ಮಾತಿಗೆ ನಮ್ಮಲ್ಲೂ ಅದೇ ಅರ್ಥ. ನಾನು ಮಾಡಿದ ಸಾರನ್ನು ಅತ್ತೆ ‘ಸುಮಾರಾಗಿದೆ’ ಎಂದಾಗ ಅದು ಹೊಗಳಿಕೆಯಲ್ಲವೆಂದು ನನಗೆ ತಿಳಿದಿರಲಿಲ್ಲವೇ? ಆದರೂ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಬರೆದೆ: ‘ಅಯಸ್ಕಾಂತಗಳು ಸಾಕಷ್ಟು ಚೆನ್ನಾಗಿವೆ ಎಂದು ಬಶೀರ್ ಹೇಳಿದ್ದಾರೆ.’ ನಿಮ್ಮ ಎರಡನೆಯ ವಾಕ್ಯವನ್ನು ಬರೆಯಲೇ ಇಲ್ಲ.

ಮೂರು ದಿನಗಳ ನಂತರ ನಿಮ್ಮ ವರದಿ ನನಗೆ ಬಂತು. ಬಿಸಿಯಾದಾಗ ಶಕ್ತಿ ಕುಗ್ಗುತ್ತದೆ, ತಣಿದ ಮೇಲೂ ಮರಳುವುದಿಲ್ಲ. ಆರ್ಡರನ್ನು ಆಗಲೂ ರದ್ದುಮಾಡಬಹುದಿತ್ತು. ಓದಿದೆ. ಮುಚ್ಚಿದೆ. ನಿಸರ್ಗಕ್ಕಾಗಿ ಎಂದುಕೊಂಡೆ — ಅಲ್ಲ, ಗೆಲ್ಲುವುದಕ್ಕಾಗಿ.

ಕಾರು ಕಂಪನಿಯ ಪರೀಕ್ಷೆಯಲ್ಲಿ ಸ್ಟಿಯರಿಂಗ್ ಬಿಗಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಮೋಟಾರುಗಳೆಲ್ಲ ಹಿಂದಕ್ಕೆ ಬಂದವು. ಒಪ್ಪಿಗೆ ಕೊಟ್ಟವರು ಯಾರು ಎಂದು ಮ್ಯಾನೇಜರ್ ಕೇಳಿದರು. ಒಬ್ಬರ ಕೆಲಸ ಹೋಗುವುದು ಖಚಿತವಾಗಿತ್ತು. ನನಗಾಗಲೇ ಗ್ರೀನ್ ಕಾರ್ಡ್ ಬಂದಿತ್ತು. ನಿಮ್ಮ ವೀಸಾ ಆ ಕೆಲಸದ ಮೇಲೆಯೇ ನಿಂತಿತ್ತು, ಮಗಳು ಶಬಾನಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು — ಇದೆಲ್ಲ ನನಗೆ ಗೊತ್ತಿತ್ತು.

ಸೌತ್‌ಫೀಲ್ಡಿನ ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್ ಮತ್ತು ನಾನು; ಮೇಜಿನ ಮೇಲಿನ ಫೋನಿನಲ್ಲಿ ನೀವು. ವರದಿ ಬರುವಷ್ಟರಲ್ಲಿ ಆರ್ಡರ್ ರದ್ದುಮಾಡುವ ಕಾಲ ಮೀರಿತ್ತೆಂದು ನಿಮ್ಮನ್ನು ಮೊದಲೇ ನಂಬಿಸಿದ್ದೆ; ಹಾಗಾಗಿ ನೀವು ಅದರ ಮಾತೆತ್ತಲಿಲ್ಲ. ಎದುರಾಳಿಯ ಬಾಯಿಂದ ಹೌದು ಎನ್ನಿಸಿ ಅಲ್ಲಿಗೇ ನಿಲ್ಲಿಸು — ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಅದನ್ನೇ. ಇಂಗ್ಲಿಷಿನಲ್ಲಿ ಕೇಳಿದೆ: “‘ಸುಮಾರು ಜನ ಬಂದಿದ್ದರು’ ಎಂದರೆ ಸಾಕಷ್ಟು ಜನ ಬಂದಿದ್ದರು ಎಂದಲ್ಲವೇ? ಹೌದೋ, ಇಲ್ಲವೋ?”

“ಹೌದು. ಆದರೆ —”

“ಥ್ಯಾಂಕ್ಯೂ.”

ಮ್ಯಾನೇಜರ್ ನಕ್ಕರು. ನಾನೂ ನಕ್ಕೆ. ಆಗ ನೀವು ಇಂಗ್ಲಿಷನ್ನು ಬಿಟ್ಟು ನನಗೊಬ್ಬಳಿಗೇ ಹೇಳಿದಿರಿ: “ಅಕ್ಕಾರ, ವರಾನ್ನ ನೋಡಿ ಬಂದು ‘ಸುಮಾರ ಅದಾನ’ ಅಂದ್ರ ಯಾರರ ಲಗ್ನ ಮಾಡ್ತಾರೇನ್ರಿ? ನಿಮಗ ಗೊತ್ತೈತಲ್ಲ. ಅವರಿಗೆ ತಿಳಿಸಿ ಹೇಳ್ರಿ.”

ಏನೆಂದರು ಎಂದು ಮ್ಯಾನೇಜರ್ ಹುಬ್ಬೇರಿಸಿದರು. ನಿಮಗೆ ಕೇಳಿಸದಂತೆ ಫೋನಿನ ಮ್ಯೂಟ್ ಗುಂಡಿ ಒತ್ತಿದೆ.

“ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳುತ್ತಿದ್ದಾರೆ,” ಎಂದೆ.

ಗುಂಡಿ ಬಿಟ್ಟೆ. ಮ್ಯಾನೇಜರ್ ಮೃದುವಾಗಿ, “ಪರವಾಗಿಲ್ಲ ಬಶೀರ್, ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ,” ಎಂದರು. ನೀವು — ನೀವು ಅವರಿಗೆ ಧನ್ಯವಾದ ಹೇಳಿದಿರಿ!

ಹತ್ತು ದಿನಗಳಲ್ಲಿ ನಿಮ್ಮನ್ನು ತೆಗೆದರು. ಕಾಗದದಲ್ಲಿ ಕಾರಣ ಆರ್ಥಿಕ ಹಿಂಜರಿತವೆಂದಿತ್ತು. ಬ್ಯಾಡ್ಜ್ ಹಿಂದಿರುಗಿಸಲು ಶಬಾನಾಳ ಜೊತೆ ಸೌತ್‌ಫೀಲ್ಡಿಗೆ ಬಂದಿರಿ. ನಾನು ಕಣ್ಣು ತಪ್ಪಿಸಿ ಲಿಫ್ಟಿನತ್ತ ನಡೆದಿದ್ದೆ. ಕೂಗಿ ನಿಲ್ಲಿಸಿದಿರಿ.

“ಆ ದಿವಸ ಫೋನ್ ಸುಮ್ಮನಾತಲ್ಲ, ಆವಾಗ ನೀವು ಸಾಹೇಬಗ ಏನೋ ತಿಳಿಸಿ ಹೇಳಿದ್ರಿ, ಅಂವಾ ಮೆತ್ತಗಾದ. ನೌಕರಿ ಹೋದ್ರ ಹೋಗ್ಲಿ, ಹೆಸರ ಉಳಸಿದ್ರಿ. ನಮ್ಮ ಮಂದಿ ಅಂದ್ರ ಹಿಂಗಿರಬೇಕ ನೋಡ್ರಿ.” ಮಗಳತ್ತ ತಿರುಗಿ, “ಆಂಟಿಗೆ ಥ್ಯಾಂಕ್ಸ್ ಹೇಳವ್ವಾ,” ಎಂದಿರಿ.

ಅವಳು ಹೇಳಿದಳು. ಇಂಗ್ಲಿಷಿನಲ್ಲಿ, ನೆಲ ನೋಡುತ್ತಾ.

ನಾನು ಅಂದದ್ದು ನಿಮಗೆ ನೆನಪಿದೆಯೋ ಇಲ್ಲವೋ — “ಅಯ್ಯೋ, ಅದೇನು ಮಹಾ ಬಿಡಿ.” ಹೀಗೆಂದು ಆ ಹುಡುಗಿಯ ತಲೆ ಸವರಿದೆ. ಈ ಕೈಯಿಂದಲೇ.

ಅದರ ನಂತರವೂ ಎಷ್ಟೋ ವೇದಿಕೆಗಳಲ್ಲಿ ಗಣಿಯ ಹಳ್ಳಿಗಳ ಪರವಾಗಿ ಮಾತನಾಡಿದೆ. ಕಾಣದ ಊರಿನ ಜನರಿಗಾಗಿ ಗಂಟೆಗಟ್ಟಲೆ ವಾದಿಸುತ್ತಿದ್ದೆ. ಹತ್ತು ಮೈಲಿಯಾಚೆಯ ಲ್ಯಾಬಿನಲ್ಲಿದ್ದ ಮನುಷ್ಯನಿಗಾಗಿ ಒಮ್ಮೆಯೂ...

ಮೊನ್ನೆ ಆ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದು ಕಳುಹಿಸಿದೆ. ಗುಂಡಿ ಒತ್ತಿ ಹೇಳಿದ ಸುಳ್ಳನ್ನೂ, ವರನ ಮಾತನ್ನೂ, ಮುಚ್ಚಿಟ್ಟ ವರದಿಯನ್ನೂ. ಅದರ ಪ್ರತಿ ಇದರೊಡನಿದೆ. ಇದರಿಂದ ನಿಮಗೆ ಏನೂ ಮರಳಿ ಸಿಗುವುದಿಲ್ಲವೆಂದು ಬಲ್ಲೆ. ನೀವು ಏನೆಂದರೂ ಪ್ರತಿವಾದ ಹೂಡುವುದಿಲ್ಲ.

ಶಬಾನಾಗೂ ಇದು ತಿಳಿಯಬೇಕು. ಅವಳಿಗೆ ಕನ್ನಡ ಓದಲು ಬಾರದಿದ್ದರೆ ನೀವೇ ಓದಿ, ನೀವೇ ಅರ್ಥ ಹೇಳಿ, ಸಾಹೇಬರೇ. ನಾನು ಹೇಳಕೂಡದು.