ಕೆಂಪಿಯ ಉಸಿರಿಗೊಂದು ಗುಬ್ಬಿ ಗುರುತು

ನಮ್ಮ ಪ್ರಾರ್ಥನಾ ಮಂದಿರದ ಎದುರು ಸಾಲಿನಲ್ಲಿ, ಬೀಗದ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ, ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲದ ಒಂದು ಶೆಡ್ಡು ಇದೆ. ಅದರ ಒಡತಿಯನ್ನು ಬೀದಿಯವರೆಲ್ಲ ಗಾಳಿಯಕ್ಕ ಎನ್ನುತ್ತಾರೆ. ಕಾರಿನ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಗೆ ದಾರಿ ಮಾಡಿಕೊಡುವುದು ಆಕೆಯ ಕಸುಬು. ಕಾರ್ಖಾನೆಯ ಕೊಳವೆ ಸಾಲದೆನ್ನುವವರು, ಹಳೆಯ ಕಾರಿಗೆ ದೊಡ್ಡ ಎಂಜಿನ್ನು ಕೂರಿಸಿಕೊಂಡವರು, ಬೆಟ್ಟದ ರಸ್ತೆಯ ಪಂದ್ಯಕ್ಕೆ ಹೊರಟವರು ಆಕೆಯ ಬಾಗಿಲಿಗೆ ಬರುತ್ತಾರೆ. ಉಸಿರು ದೇವರ ಕೊಡುಗೆ, ಅದರ ದಾರಿಯನ್ನು ಶುದ್ಧವಾಗಿಡಿ ಎಂದು ನಾವು ಮಂದಿರದೊಳಗೆ ಬಾಯಿಂದ ಹೇಳುತ್ತೇವೆ. ರಸ್ತೆ ದಾಟಿದರೆ ಅದನ್ನೇ ಕೈಯಿಂದ ಮಾಡುವವಳು ಇದ್ದಾಳೆ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆಕೆ ಸಾಮಗ್ರಿ ಆರಿಸುವುದನ್ನು ನೋಡುವುದೇ ಒಂದು ಪಾಠ. ಅಲ್ಯೂಮಿನಿಯಂ ಕೊಳವೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಾಳೆ. ಸಿಲಿಕೋನ್ ರಬ್ಬರಿನ ತುಂಡನ್ನು ಹಿಂಡಿ ಬಿಟ್ಟು, ಅದು ಮೊದಲಿನ ಆಕಾರಕ್ಕೆ ಬರುವವರೆಗೆ ಮನಸ್ಸಿನಲ್ಲೇ ಎಣಿಸುತ್ತಾಳೆ. ಗಾಜಿನ ನಾರಿನ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೇಯ್ಗೆಯಲ್ಲಿ ಎಳೆ ಜಾರಿದೆಯೇ ಎಂದು ಹುಡುಕುತ್ತಾಳೆ. ವಿನ್ಯಾಸವೆಲ್ಲ ಮೊದಲು ರಟ್ಟಿನಲ್ಲಿ. ರಟ್ಟಿನ ಕೊಳವೆಯನ್ನು ಎಂಜಿನ್ನಿನ ಪಕ್ಕದಲ್ಲಿ ಕೂರಿಸಿ, ತೆಗೆದು, ಕತ್ತರಿಸಿ, ಮತ್ತೆ ಕೂರಿಸುತ್ತಾಳೆ.

"ಗಾಳಿಗೆ ಮೂಲೆ ಕಂಡ್ರೆ ಆಗಲ್ಲ," ಎಂದು ಒಮ್ಮೆ ನನಗೆ ವಿವರಿಸಿದಳು. "ತಿರುವು ಅಗಲ ಇರಬೇಕು, ದಾರಿ ಗಿಡ್ಡ ಇರಬೇಕು, ಬಾಯಿ ತಂಪಿರೋ ಕಡೆ ಇರಬೇಕು. ನಿಮ್ಮ ಉಪದೇಶದ ಥರ ಸುತ್ತಿ ಬಳಸಿ ಬಂದ್ರೆ ಎಂಜಿನ್ನು ನಿದ್ದೆ ಮಾಡುತ್ತೆ!"

ಕಸುಬು ಆಕೆಗೆ ತಂದೆಯಿಂದ ಬಂದದ್ದು. ಬೀದಿಯವರಿಗೆ ಅವರು ತಗಡಿನಜ್ಜ. ಐವತ್ತು ವರ್ಷ ಬಕೆಟ್ಟು, ಲಾಳಿಕೆ, ಹಾಲಿನ ಕ್ಯಾನು ಮಾಡಿದವರು. ಈಗ ಕಣ್ಣು ಮಂಜಾಗಿ, ಶೆಡ್ಡಿನ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೆರಳಿನಿಂದಲೇ ಲೋಕವನ್ನು ನೋಡುತ್ತಾರೆ. ಅವರು ಮಾಡಿದ ಒಂದೊಂದು ವಸ್ತುವಿನ ಅಂಚಿನಲ್ಲೂ ಉಗುರಿನಷ್ಟು ಚಿಕ್ಕ ಗುಬ್ಬಿಯೊಂದು ಇರುತ್ತಿತ್ತು. ಅದನ್ನು ಒತ್ತುವ ಉಕ್ಕಿನ ತುಂಡಿಗೆ ಮನೆಯಲ್ಲಿ ಗುಬ್ಬಿಯುಳಿ ಎಂದು ಹೆಸರು. ಅದರ ನಿಯಮ ಒಂದೇ: ಗುಬ್ಬಿ ಕೂತ ವಸ್ತು ದೋಷದಿಂದ ಹಿಂದೆ ಬಂದರೆ, ಉಳಿ ಒಂದು ವರ್ಷ ಪೆಟ್ಟಿಗೆ ಸೇರಬೇಕು. ಒಮ್ಮೆ ಹಾಲಿನ ಕ್ಯಾನೊಂದು ಸೋರಿತೆಂದು ಗಿರಾಕಿ ತಂದಿಟ್ಟಾಗ ಅಜ್ಜ ಇಡೀ ಒಂದು ವರ್ಷ ಗುರುತಿಲ್ಲದ ಸಾಮಾನು ಮಾರಿದರು.

ಹದಿನಾರು ವರ್ಷ ದುಡಿದರೂ ಮಗಳ ಕೈಗೆ ಆ ಉಳಿ ಬಂದಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: "ನಿನ್ನ ಕೊಳವೆ ಚೆನ್ನಾಗಿದೆ ಮಗಾ. ಚೆನ್ನಾಗಿರೋದಕ್ಕೆಲ್ಲ ಗುಬ್ಬಿ ಕೂರಲ್ಲ."

ಹೀಗಿರುವಾಗ ಬೇಕರಿಯಣ್ಣ ತನ್ನ ಹಳೆಯ ಕೆಂಪು ಕಾರನ್ನು ತಂದು ನಿಲ್ಲಿಸಿದ. ಹೆಸರು ಕೆಂಪಿ. ವಾರವೆಲ್ಲ ಬ್ರೆಡ್ಡು ಹೊರುವ ಕೆಂಪಿ, ವರ್ಷಕ್ಕೊಮ್ಮೆ ಬೆಟ್ಟದ ಪಂದ್ಯದಲ್ಲಿ ಓಡುತ್ತಾಳೆ. ಹೋದ ವರ್ಷ ಒಂಬತ್ತನೆಯ ತಿರುವಿನಲ್ಲಿ ಏದುಸಿರು ಬಿಟ್ಟು ಹಿಂದೆ ಬಿದ್ದಿದ್ದಳು.

"ಹೊಸ ಕೊಳವೆ ಹಾಕು ತಂಗೀ. ಆದ್ರೆ ಕನ್ನಡಿ ಥರ ಹೊಳೀಬೇಕು. ಬಾನೆಟ್ ಎತ್ತಿದ್ರೆ ಊರೋರೆಲ್ಲ ಬಂದು ತಲೆ ಬಾಚ್ಕೋಬೇಕು!"

"ನಿಮಗೆ ಬಾಚೋಕೆ ಕೂದಲೆಲ್ಲಿದೆ ಅಣ್ಣಾ?"

"ಅದಕ್ಕೇ ಊರೋರು ಅಂದದ್ದು!"

ಮೂರು ವಾರ ಆಕೆ ಆ ಕೊಳವೆಯ ಮೇಲೆ ಬಗ್ಗಿದ್ದಳು. ಅಲ್ಯೂಮಿನಿಯಂ ಬಾಗಿಸಿ, ಬೆಸೆದು, ಉಜ್ಜಿ, ಹೊಳಪು ಕೊಟ್ಟಳು. ಗಾಳಿ ಒಳಬರುವ ತುದಿಯಲ್ಲಿ ಶಂಕುವಿನ ಆಕಾರದ ಫಿಲ್ಟರನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಕೂರಿಸಿದಳು. ಮುಗಿದ ದಿನ ಅಜ್ಜ ಕೊಳವೆಯ ಮೇಲೆ ಹೆಬ್ಬೆರಳನ್ನು ಮೂರು ಸಲ ಎಳೆದರು.

"ಬೆಸುಗೆ ಎಲ್ಲಿದೆ?"

"ನಿಮ್ಮ ಬೆರಳ ಕೆಳಗೇ ಇದೆಯಪ್ಪಾ."

ಅಜ್ಜ ಎದ್ದು, ಪೆಟ್ಟಿಗೆ ತಡಕಿ, ಗುಬ್ಬಿಯುಳಿಯನ್ನು ಮಗಳ ಅಂಗೈಯಲ್ಲಿಟ್ಟರು. ಒಂದೇ ಏಟು. ಗುಬ್ಬಿ ಕೂತಿತು. ಬೀದಿಯೆಲ್ಲ ಸೇರಿತ್ತು. ಬಾನೆಟ್ ಎತ್ತಿಯೇ ಎಂಜಿನ್ನು ಶುರುಮಾಡಿದರು, ಎತ್ತಿಯೇ ಅರ್ಧ ಗಂಟೆ ಓಡಿಸಿದರು. ಹೊಳಪನ್ನು ಮುಚ್ಚಲು ಯಾರಿಗೆ ಮನಸ್ಸು ಬಂದೀತು? ಕೆಂಪಿ ಸಲೀಸಾಗಿ ಗುಡುಗಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಪಂದ್ಯಕ್ಕೆ ಇನ್ನೂ ಆರು ದಿನವಿತ್ತು. ಮರುದಿನ ಬೆಳಿಗ್ಗೆ ಗಾಳಿಯಕ್ಕ ಒಬ್ಬಳೇ ಕೆಂಪಿಯನ್ನು ಬೆಟ್ಟಕ್ಕೆ ಒಯ್ದಳು, ಈ ಸಲ ಬಾನೆಟ್ ಮುಚ್ಚಿ. ಒಂಬತ್ತನೆಯ ತಿರುವಿನಲ್ಲಿ ಕಾರು ಮತ್ತೆ ಮಂಕಾಯಿತು. ಇದು ಹೋದ ವರ್ಷದಷ್ಟಲ್ಲ; ಕಾಲಡಿಯಲ್ಲಿ ಒಂದು ಕೂದಲೆಳೆಯಷ್ಟು ಸೋಮಾರಿತನ. ಬೇರೆಯವರಿಗೆ ತಿಳಿಯುತ್ತಲೇ ಇರಲಿಲ್ಲ. ಬೇಕರಿಯಣ್ಣ ಹಿಟ್ಟಿನ ಬಿಸಿ ನೋಡುವ, ತಂತಿಯ ತುದಿಗೆ ಕಡ್ಡಿಯಿರುವ ಥರ್ಮಾಮೀಟರನ್ನು ಕಾರಿನಲ್ಲೇ ಮರೆತಿದ್ದ. ಆಕೆ ಕಡ್ಡಿಯನ್ನು ಫಿಲ್ಟರಿನ ಪಕ್ಕಕ್ಕೆ ಕಟ್ಟಿ, ತಂತಿಯನ್ನು ಕಿಟಕಿಯಿಂದ ಒಳಗೆಳೆದುಕೊಂಡು ಮತ್ತೊಮ್ಮೆ ಬೆಟ್ಟ ಹತ್ತಿದಳು. ಹೊರಗೆ ಇಪ್ಪತ್ತನಾಲ್ಕು ಡಿಗ್ರಿ. ಫಿಲ್ಟರಿನ ಬಳಿ ಅರವತ್ತೊಂದು.

ಆಗ ತಪ್ಪು ಕಣ್ಣಿಗೆ ಕಟ್ಟಿತು. ನೋಡುವವರಿಗೆ ಕಾಣಲೆಂದು ಫಿಲ್ಟರನ್ನು ಬರಿಮೈಯಲ್ಲಿ, ಹೊಗೆ ಹೋಗುವ ಬಿಸಿ ಕೊಳವೆಗಳ ಮಗ್ಗುಲಲ್ಲೇ ಕೂರಿಸಿದ್ದಳು. ಬಾನೆಟ್ ತೆರೆದಿದ್ದಾಗ ಆ ಬಿಸಿಯೆಲ್ಲ ಆಕಾಶಕ್ಕೆ ಹೋಗಿತ್ತು. ಮುಚ್ಚಿದಾಗ ಕೆಂಪಿ ತನ್ನದೇ ಬೇಗೆಯನ್ನು ಉಸಿರಾಡುತ್ತಿದ್ದಳು.

ಪ್ರಿಯರೇ, ಆ ರಸ್ತೆಯಂಚಿನ ಕಟ್ಟೆಯ ಮೇಲೆ ಆಕೆ ಕೂತ ಗಳಿಗೆಯನ್ನು ನೆನೆದರೆ ನನ್ನ ಕಣ್ಣು ಈಗಲೂ ಒದ್ದೆಯಾಗುತ್ತದೆ. ಯಾರಿಗೂ ಗೊತ್ತಿಲ್ಲ. ಗಿರಾಕಿ ಹಿಗ್ಗಿದ್ದಾನೆ. ಹದಿನಾರು ವರ್ಷ ಕಾದ ಗುಬ್ಬಿ ಇನ್ನೂ ಒಂದು ದಿನದ ಮರಿ. ಬಾಯಿ ಬಿಟ್ಟರೆ ಅದು ಹಾರಿ ಹೋಗುತ್ತದೆ. ನಮ್ಮಲ್ಲಿ ಎಷ್ಟು ಜನ ಬಾನೆಟ್ ತೆರೆದಿಟ್ಟುಕೊಂಡೇ ಬದುಕು ಸಾಗಿಸುತ್ತೇವೆಂದು ದೇವರೊಬ್ಬನಿಗೇ ಗೊತ್ತು. ಆಕೆ ಹಾಗೆ ಮಾಡಲಿಲ್ಲ. ಶೆಡ್ಡಿಗೆ ಬಂದು, ಕೊಳವೆಯನ್ನು ಬಿಚ್ಚಿ, ಉಳಿಯ ಜೊತೆಗೆ ತಂದೆಯ ತೊಡೆಯ ಮೇಲಿಟ್ಟಳು.

"ಸೋರ್ತಾ?" ಎಂದರು ಅಜ್ಜ.

"ಇಲ್ಲ. ಬೆಸುಗೆ ಗಟ್ಟಿಯಾಗಿದೆ. ಕೂರಿಸಿದ ಜಾಗ ತಪ್ಪು. ಬಿಸಿ ಗಾಳಿ ಕುಡೀತಿದೆ."

"ಬೇಕರಿಯವನು ಬಂದು ಹೇಳಿದ್ನಾ?"

"ಅವರಿಗೆ ಗೊತ್ತೇ ಇಲ್ಲಪ್ಪಾ."

ಅಜ್ಜ ಉಳಿಯನ್ನು ತೆಗೆದುಕೊಂಡು ಪೆಟ್ಟಿಗೆಗೆ ಹಾಕಿದರು. ಮುಚ್ಚಳ ಬಿದ್ದ ಸದ್ದು ಬೀಗದ ಅಂಗಡಿಯವರೆಗೂ ಕೇಳಿಸಿತಂತೆ.

ಬೇಕರಿಯಣ್ಣ ಮಾತ್ರ ಕುಣಿದಾಡಿಬಿಟ್ಟ. "ಏನು ತಂಗೀ ಇದು? ಫಳಫಳ ಹೊಳೆಯೋದನ್ನ ಕಿತ್ತು ಕಪ್ಪು ಡಬ್ಬ ಇಡ್ತೀನಿ ಅಂತೀಯಾ? ನನ್ನ ಕೆಂಪಿ ಏನು ಊಟದ ಡಬ್ಬ ಹಿಡ್ಕೊಂಡು ಆಫೀಸಿಗೆ ಹೋಗ್ತಾಳಾ?"

"ಅಣ್ಣಾ, ನಿಮ್ಮ ಬ್ರೆಡ್ ಒಲೆ ಬಾಗಿಲು ತೆಗೆದು, ಅದರ ಮುಂದೆ ನಿಂತು ನೂರು ಬಸ್ಕಿ ಹೊಡೀರಿ. ಆಮೇಲೆ ಮಾತಾಡೋಣ."

ಬೇಕರಿಯಣ್ಣ ತಲೆ ಕೆರೆದುಕೊಂಡ. "ಬೇಡ ತಾಯಿ. ಹತ್ತಕ್ಕೇ ನಾನೇ ರಸ್ಕ್ ಆಗ್ಬಿಡ್ತೀನಿ. ನಿನ್ನ ಡಬ್ಬಾನೇ ಇಡು."

ಉಳಿದ ದಿನಗಳಲ್ಲಿ ಆಕೆ ಮರದಲ್ಲಿ ಒಂದು ಟೊಳ್ಳು ಅಚ್ಚು ಕೊರೆದು, ಒಳಮೈಗೆ ಮೇಣ ತಿಕ್ಕಿ, ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟುದ್ರವದಲ್ಲಿ ಹಾಸಿದಳು. ಒಣಗಿದ ಮೇಲೆ ಫಿಲ್ಟರನ್ನು ಪೂರ್ತಿ ಮುಚ್ಚುವ ಕಪ್ಪು ಡಬ್ಬವೊಂದು ಹೊರಬಂತು. ಅದರ ಬಾಯಿಯನ್ನು ಮುಂದಿನ ದೀಪದ ಪಕ್ಕಕ್ಕೆ, ಎದುರುಗಾಳಿ ಬಡಿಯುವ ಕಡೆಗೆ ಒಯ್ದಳು. ಮುಚ್ಚಳದ ಸುತ್ತ ರಬ್ಬರಿನ ಅಂಚು. ಮಳೆನೀರು ನಿಲ್ಲದಂತೆ ತಳದಲ್ಲಿ ಸಣ್ಣ ತೂತು. ಡಬ್ಬದಿಂದ ಎಂಜಿನ್ನಿಗೆ ಗೇಣುದ್ದದ ಕೊಳವೆ. ಹೊಳಪು ಎಂಬುದು ಎಲ್ಲೂ ಇಲ್ಲ.

ಪಂದ್ಯದ ದಿನ ಬಾನೆಟ್ ಮುಚ್ಚಿತ್ತು. ಯಾರೂ ಏನನ್ನೂ ಮೆಚ್ಚಲಿಲ್ಲ. ಅಜ್ಜನನ್ನು ಮೊದಲೇ ಬೆಟ್ಟದ ತುದಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ್ದೆವು. ಒಂಬತ್ತನೆಯ ತಿರುವಿನಿಂದ ಕೆಂಪಿಯ ದನಿ ಕೇಳಿಬಂದಾಗ ಅವರು ಕೈಯೆತ್ತಿ ನಮ್ಮೆಲ್ಲರ ಮಾತು ನಿಲ್ಲಿಸಿದರು. ದನಿ ಕುಗ್ಗಲಿಲ್ಲ. ಹೋದ ವರ್ಷಕ್ಕಿಂತ ಹನ್ನೊಂದು ಸೆಕೆಂಡು ಮೊದಲೇ ಕೆಂಪಿ ಗೆರೆ ದಾಟಿದಳು. ಬೇಕರಿಯಣ್ಣ ಕೆಳಗಿಳಿದು ಕಾರಿನ ಮೂತಿಗೆ ಮುತ್ತಿಟ್ಟು, ತುಟಿ ಸುಟ್ಟುಕೊಂಡ.

"ಬಾನೆಟ್ ಎತ್ತಿ," ಎಂದರು ಅಜ್ಜ. ಮಗಳು ಡಬ್ಬದ ಮುಚ್ಚಳ ತೆಗೆದು ಅವರ ಕೈಯನ್ನು ಹಿಡಿದು ಒಳಗಿಳಿಸಿದಳು. ಅದು ಬಹಳ ಹೊತ್ತು ಅಲ್ಲೇ ಇತ್ತು.

"ತಣ್ಣಗಿದೆ," ಎಂದರು. ಮತ್ತೊಂದು ಕೈ ಜೇಬಿಗೆ ಹೋಯಿತು. ಹೊರಬಂದದ್ದು ಗುಬ್ಬಿಯುಳಿ. "ಸುತ್ತಿಗೆ ಕೊಡ್ರೋ ಯಾರಾದ್ರೂ."

"ಅಪ್ಪಾ, ಗುಬ್ಬಿ ಕೂತದ್ದು ಹಿಂದೆ ಬಂದಿದೆ. ವರ್ಷ ಆಗಿಲ್ಲ."

"ನನ್ನ ಕ್ಯಾನು ಸೋರಿದ್ದನ್ನ ಗಿರಾಕಿ ಹೊತ್ಕೊಂಡು ಬಂದ, ಮಗಾ. ನಿನ್ನದನ್ನ ನೀನೇ ಹೊತ್ಕೊಂಡು ಬಂದೆ. ಎರಡೂ ಒಂದೇನಾ?"

ಮಗಳು ಡಬ್ಬದ ಮೇಲೆ ಅಡ್ಡವಾಗಿ ಕೈಯಿಟ್ಟಳು. "ಇದು ತಗಡಲ್ಲಪ್ಪಾ. ಏಟು ಬಿದ್ರೆ ಸೀಳಿಬಿಡುತ್ತೆ."

ಅಜ್ಜ ಯೋಚಿಸಿದರು. "ಹಾಗಾದ್ರೆ ಇದನ್ನ ಹೆತ್ತದ್ದೆಲ್ಲಿದೆ?"

ಮರುದಿನ ಶೆಡ್ಡಿನಲ್ಲಿ ಆ ಮರದ ಅಚ್ಚನ್ನು ಅವರ ಮುಂದಿಟ್ಟರು. ಮಗಳು ಜಾಗ ತೋರಿಸಿದಳು. ಅಜ್ಜ ಅಚ್ಚಿನ ಒಳಮೈಗೆ ಉಳಿಯಿಟ್ಟು ಬಡಿದರು. ಅಂದಿನಿಂದ ಆ ಅಚ್ಚಿನಲ್ಲಿ ಹುಟ್ಟುವ ಪ್ರತಿ ಡಬ್ಬವೂ ಮೈಮೇಲೆ ಉಬ್ಬಿದ ಗುಬ್ಬಿಯನ್ನು ಹೊತ್ತೇ ಬರುತ್ತದೆ. ಹೊಳೆಯುವ ಕೊಳವೆ ಗೋಡೆಯ ಮೇಲೆ ತೂಗುತ್ತಿದೆ. ಯಾರಾದರೂ ಆಸೆಪಟ್ಟರೆ, "ಅದು ಬಾನೆಟ್ ತೆಗೆದಿದ್ದಾಗ ಮಾತ್ರ ಕೆಲಸ ಮಾಡುತ್ತೆ," ಎಂದು ನಗುತ್ತಾಳೆ.

ಗುರುತು ಹೊತ್ತ ಮೊದಲ ಡಬ್ಬ ಹೊರಬಂದಾಗ ಅಜ್ಜ ಹೆಬ್ಬೆರಳಿನಿಂದ ಗುಬ್ಬಿಯನ್ನು ಹುಡುಕಿ ಮುಟ್ಟಿದರು.

"ಕೊಕ್ಕು ಸ್ವಲ್ಪ ಮೊಂಡಾಗಿದೆಯಲ್ಲ?"

"ಏಟು ನಿಮ್ಮದು, ನನ್ನದಲ್ಲ," ಎಂದಳು ಗಾಳಿಯಕ್ಕ, ಮುಂದಿನ ಡಬ್ಬಕ್ಕೆ ಬಟ್ಟೆ ಕತ್ತರಿಸುತ್ತ.