ನೆಲ ನೋಡದ ಪೋಪ್

ಮೊನ್ನೆ ಗೇಟಿಗೆ ಬಳಿಯಲು ಬಣ್ಣ ತರೋಣವೆಂದು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬಣ್ಣ ಕರಗಿಸುವ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೇರೆಯವರಿಗೆ ಆ ವಾಸನೆಗೆ ತಲೆನೋವು ಬರುತ್ತದಂತೆ. ನನಗೆ ಬರುವುದು ಪಾಪಪ್ರಜ್ಞೆ. ಗಾಬರಿಯಾಗಬೇಡಿ, ದೊಡ್ಡ ಪಾಪವೇನಲ್ಲ. ಒಬ್ಬ ಪೋಪರ ಕಣ್ಣು ಒರೆಸಿಹಾಕಲು ಹೊರಟಿದ್ದೆ, ಅಷ್ಟೆ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹಾಗೆಂದ ಮಾತ್ರಕ್ಕೆ ಚಿತ್ರ ಬರೆಯಲು ಬರಬೇಕೆಂದೇನಿಲ್ಲ. ಮಾವಿನಹಣ್ಣು, ಕೊಡ, ಎರಡು ಗುಡ್ಡಗಳ ನಡುವೆ ಒಬ್ಬ ಸೂರ್ಯ. ನನ್ನ ಕೈ ಅಷ್ಟು ದೂರ ಹೋಗಿ ವಾಪಸು ಬರುತ್ತದೆ. ಪಳಗಿರುವುದು ಚಿಂತೆ ಮಾಡುವುದರಲ್ಲಿ. ಬಸ್ಸು ಹತ್ತಿದರೆ ಮನೆಯ ಬೀಗದ ಚಿಂತೆ, ಮನೆಗೆ ಬಂದರೆ ಬಸ್ಸಿನಲ್ಲಿ ಬಿಟ್ಟ ಕೊಡೆಯ ಚಿಂತೆ. ಕೊಡೆ ಕೈಯಲ್ಲೇ ಇರುತ್ತದೆ, ಆ ಮಾತು ಬೇರೆ.

ಹನ್ನೆರಡು ವರ್ಷದ ಕೆಳಗೆ ಊರಿನ ಸಣ್ಣ ಚರ್ಚಿನ ಫಾದರ್ ನನ್ನನ್ನು ಕರೆಸಿ ಒಂದು ದಪ್ಪ ಪುಸ್ತಕ ಬಿಡಿಸಿದರು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದ ಚಿತ್ರಗಳು: ಕೆಂಪು ನಿಲುವಂಗಿಯ ಇಬ್ಬರು ಕಾರ್ಡಿನಲ್‌ಗಳು, ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿರುವ ಬಿಳಿಗಡ್ಡದ ಒಬ್ಬ ಪೋಪ್. ಚರ್ಚಿನ ಹೊಸ ಸಭಾಂಗಣಕ್ಕೆ ಈ ಮೂರನ್ನೂ ಎಣ್ಣೆಬಣ್ಣದಲ್ಲಿ ಬರೆಸಬೇಕು. ಸಭಾಂಗಣ ತೆರೆಯಲು ಬಿಷಪ್ಪರೇ ಬರುತ್ತಾರೆ.

"ಸಮಿತಿಯವರು ಪ್ರಿಂಟ್ ತರಿಸೋಣ ಅಂದರು. ಕೈಯಲ್ಲೇ ಬರೆದದ್ದು ಬೇಕು ಅಂತ ಹಟ ಹಿಡಿದವನು ನಾನು," ಎಂದರು ಫಾದರ್. "ಮಾನ ಉಳಿಸಿ ಮೇಷ್ಟ್ರೇ. ಒಂದು ಕೂದಲೂ ಬದಲಾಗಬಾರದು."

"ಅದಕ್ಕೆ ನಾನು ಜವಾಬ್ದಾರಿ," ಅಂದುಬಿಟ್ಟೆ. ಹೀಗೆ ಅಂದು ಬಂದ ರಾತ್ರಿಗಳಲ್ಲಿ ನನಗೆ ನಿದ್ದೆ ಬಂದದ್ದಿಲ್ಲ.

ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದು ಸೊರಬದ ಗಣಪಣ್ಣನನ್ನು. ಗಂಧ ಕೆತ್ತುವ ಗುಡಿಗಾರರ ಮನೆಯವರು. ಉಳಿ ಬಿಟ್ಟು ಕುಂಚ ಹಿಡಿದು, ಮಠದ ಸ್ವಾಮಿಗಳನ್ನೂ ತೀರಿಕೊಂಡ ಹಿರಿಯರನ್ನೂ ಫೋಟೋ ನೋಡಿ ಬರೆಯುತ್ತಿದ್ದರು. ಕೆಲಸ ಒಪ್ಪಿಸಿದ ಮೇಲೆ ಎರಡು ತಿಂಗಳಲ್ಲಿ ಆರು ಸಲ ಅವರ ಮನೆಗೆ ಹೋದೆ. ಆರನೆಯ ಸಲ ಅವರ ಹೆಂಡತಿ ಬಾಗಿಲಲ್ಲೇ ಕೂಗಿದರು: "ಬಂದ್ರು ನೋಡ್ರಿ ಮಾಸ್ತ್ರು, ಪೋಪಂಗೆ ಜ್ವರ ಬಿಟ್ಟದೋ ಇಲ್ಲೋ ಕೇಳಕ್ಕೆ!"

ಜ್ವರವೇನೂ ಇರಲಿಲ್ಲ. ಮಖಮಲ್ಲಿನ ಕೆಂಪು, ಉಂಗುರದ ಹೊಳಪು, ಕೈಮೇಲಿನ ನರ, ಎಲ್ಲವೂ ಪುಸ್ತಕದಿಂದ ಎದ್ದುಬಂದಂತಿತ್ತು. ಆದರೆ ಮೂವರಿಗೂ ಕಣ್ಣಿರಲಿಲ್ಲ.

"ಕಣ್ಣು ಕಡೀಗೆ ಮಾಸ್ತ್ರೇ. ಬೆಳಿಗ್ಗೆ ಮಿಂದು, ಖಾಲಿ ಹೊಟ್ಟೇಲಿ ಬರೀಬೇಕು. ನಮ್ಮಪ್ಪ ದೇವ್ರಿಗೆ ಹಂಗೇ ಮಾಡ್ತಿದ್ದ," ಎಂದು ಹೇಳಿ ಗಣಪಣ್ಣ ಪುಸ್ತಕದ ಪೋಪರನ್ನು ಬಹಳ ಹೊತ್ತು ನೋಡಿದರು. "ಈ ಅಜ್ಜ ಎಂತಕ್ಕೆ ನೆಲ ನೋಡ್ತಾರೆ?"

"ನನ್ನ ಹಾಗೇ ಏನೋ ಚಿಂತೆ ಇರಬೇಕು," ಎಂದು ನಾನು ನಕ್ಕೆ. ಅವರು ನಗಲಿಲ್ಲ. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು ನಾನು. ಬೇಡದ್ದಕ್ಕೆಲ್ಲ ಚಿಂತಿಸುವವನಿಗೆ ಬೇಕಾದ ಕಡೆ ಚಿಂತೆ ಹೊಳೆಯುವುದಿಲ್ಲ.

ಸಭಾಂಗಣ ತೆರೆಯುವ ಹಿಂದಿನ ದಿನ, ಶನಿವಾರ, ಬಣ್ಣಕ್ಕೆ ಬಟ್ಟೆ ತಾಗದ ಹಾಗೆ ಗಣಪಣ್ಣ ಮರದ ಪಟ್ಟಿ ಕಟ್ಟಿ ಹಳೆ ದುಪ್ಪಟಿಯಲ್ಲಿ ಸುತ್ತಿಕೊಟ್ಟ ಮೂರು ಚಿತ್ರಗಳನ್ನು ಬಸ್ಸಿನಲ್ಲಿ ಮಗುವಿನಂತೆ ಹಿಡಿದು ತಂದೆ. ಮಧ್ಯಾಹ್ನ ಮನೆಯಲ್ಲಿ ಬಿಚ್ಚಿದರೆ ಪೋಪ್ ತಲೆ ಬಗ್ಗಿಸಿಕೊಂಡೇ ಕಣ್ಣೆತ್ತಿ ನೇರ ನನ್ನನ್ನೇ ನೋಡುತ್ತಿದ್ದಾರೆ! ಎಡಕ್ಕೆ ಸರಿದೆ, ನೋಡಿದರು. ಬಲಕ್ಕೆ ಸರಿದೆ, ಅಲ್ಲಿಗೂ ಬಂದರು.

ಫೋನು ಮಾಡಿದೆ. "ಹೌದು, ನಾನೇ ಕಣ್ಣು ಎತ್ತಿಸ್ದೆ," ಎಂದರು ಗಣಪಣ್ಣ ಸಮಾಧಾನವಾಗಿ. "ಎದುರು ನಿಂತವ್ರ ಮುಖ ನೋಡದ ಪಟನ ನಮ್ಮ ಮನೇಲಿ ಯಾರೂ ಬರ್ದಿಲ್ಲ. ಬಂದವ್ರು ಕೈ ಮುಗಿದ್ರೆ ಅವ್ರು ನೋಡಬ್ಯಾಡ್ವಾ?"

ಬೆರಳ ತುದಿಯಿಂದ ಮುಟ್ಟಿದೆ. ಕಣ್ಣಿನ ಬಣ್ಣ ಇನ್ನೂ ಹಸಿ! ಓಡಿಹೋಗಿ ಟರ್ಪೆಂಟೈನ್ ತಂದು ಹಳೆ ಬನಿಯನ್ನಿನ ಚೂರು ಅದ್ದಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಒರೆಸಿದ ಮ್ಯಾಲೆ ಕಣ್ಣು ಬರ್ಯೋರು ಯಾರ್ರೀ?"

"ನಾನೇ."

"ಎರಡು ಮಾವಿನಹಣ್ಣು ಇಡ್ತೀರೇನು ಅಲ್ಲಿ?"

ಬಟ್ಟೆ ಪೋಪರ ರೆಪ್ಪೆಯಿಂದ ಒಂದು ಬೆರಳು ದೂರದವರೆಗೂ ಹೋಯಿತು. ಅವರು ನೋಡುತ್ತಲೇ ಇದ್ದರು. ನನ್ನ ಕೈ ಇಳಿದದ್ದು ಧರ್ಮಬುದ್ಧಿಯಿಂದ ಎಂದು ಬರೆಯಲು ಆಸೆ, ಆದರೆ ಬರೀ ಹೆದರಿಕೆ.

ಭಾನುವಾರ ಬೆಳಿಗ್ಗೆ ದುಪ್ಪಟಿ ಬಿಚ್ಚುವ ಮೊದಲೇ ಫಾದರಿಗೆ ಎಲ್ಲ ಒಪ್ಪಿಸಿದೆ, ಬಟ್ಟೆ ಅದ್ದಿದ್ದನ್ನೂ ಬಿಡದೆ. ಅವರೇ ದುಪ್ಪಟಿ ಬಿಚ್ಚಿದರು. ಪುಸ್ತಕ ತಂದು ಪಕ್ಕದಲ್ಲಿಟ್ಟು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು. ಆ ಎರಡು ನಿಮಿಷದಲ್ಲಿ ನಾನು ಊರನ್ನೇ ಬಿಟ್ಟು ಹೋಗಿ ಬೇರೆ ತಾಲೂಕಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ.

"ಪುಸ್ತಕದಲ್ಲಿ ಇವರು ತಮ್ಮ ಪಾಡಿಗೆ ಕೂತಿದ್ದಾರೆ," ಎಂದರು ಕೊನೆಗೆ. "ಇಲ್ಲಿ ನಮ್ಮನ್ನು ವಿಚಾರಿಸ್ತಿದ್ದಾರೆ. ಹಾಕಿ ಮೇಷ್ಟ್ರೇ ಗೋಡೆಗೆ. ಬೈಯುವುದಿದ್ದರೆ ಬಿಷಪ್ಪರು ನನಗೇ ಬೈಯಲಿ."

ಹನ್ನೊಂದು ಗಂಟೆಗೆ ಬಿಷಪ್ಪರು ಬಂದರು. ಕಾರ್ಡಿನಲ್‌ಗಳನ್ನು ದಾಟಿ ಪೋಪರ ಮುಂದೆ ನಿಂತರು. ನಾನು ಕಂಬದ ಹಿಂದೆ. ಬಿಷಪ್ಪರು ಮೇಲೆ ನೋಡಿದರು, ತಮಗೇ ಗೊತ್ತಿಲ್ಲದ ಹಾಗೆ ಕೈಯೆತ್ತಿ ತಲೆಯ ಮೇಲಿನ ಪುಟ್ಟ ಟೋಪಿಯನ್ನು ಸರಿಮಾಡಿಕೊಂಡರು, ಮುಂದೆ ಹೋದರು. ಅಷ್ಟೆ! ಹಿಂದೆ ಬಂದ ಸಮಿತಿಯವರೂ ಅಲ್ಲಿಗೆ ಬಂದದ್ದೇ ಒಬ್ಬೊಬ್ಬರಾಗಿ ಅಂಗಿಯ ಗುಂಡಿ ಮುಟ್ಟಿಕೊಂಡರು. ಆ ದಿನ ನಾನು ಎರಡು ತಟ್ಟೆ ಪಲಾವ್ ತಿಂದೆ.

ಆದರೆ ಗಣಪಣ್ಣ ಬರೆದ ಕಣ್ಣಿಗೆ ನಾನು ಬಟ್ಟೆ ಎತ್ತಿದ್ದೆನೆಂಬುದನ್ನು ಅವರಿಗೆ ಮಾತ್ರ ಹೇಳಲೇ ಇಲ್ಲ. ಆಮೇಲೆ ಎಷ್ಟೋ ಸಲ ಅವರ ಮನೆಯ ಚಹಾ ಕುಡಿದೆ. ಪ್ರತಿ ಸಲವೂ ಮಳೆಯ ಮಾತಾಡಿ ಎದ್ದು ಬಂದೆ. ಮೊನ್ನೆ, ಆ ಅಂಗಡಿಯ ಮುಂದೆಯೇ ನಿಂತು, ಇನ್ನು ಸಾಕೆನಿಸಿ ಫೋನು ಮಾಡಿ ಹೇಳಿಬಿಟ್ಟೆ. ಆ ಕಡೆಯಿಂದ ನಗು ಬಂತು.

"ಇದನ್ನ ಹೇಳಕ್ಕೆ ಹನ್ನೆರಡು ವರ್ಷ ಬೇಕಾತಾ ಮಾಸ್ತ್ರೇ? ಬೇಗ ಒಣಗಲಿ ಅಂತ ಹಾಕೋ ಎಣ್ಣೆನ ಆ ಎರಡು ಕಣ್ಣಿಗೆ ನಾ ಹಾಕಿರ್ಲೇ ಇಲ್ಲ. ಫಾದರಿಗೆ ಮಾತು ಕೊಟ್ಟವ್ರು ನೀವು. ಬ್ಯಾಡ ಅನ್ಸಿದ್ರೆ ಒರೆಸ್ಕಳ್ಳಿ ಅಂತಾನೇ ಹಸಿ ಬಿಟ್ಟಿದ್ದೆ."

ನಾನು ಫೋನು ಜೇಬಿಗಿಟ್ಟು ಅಂಗಡಿಯ ಕಡೆ ತಿರುಗಿದೆ. ಅಂಗಡಿಯವನು ಟರ್ಪೆಂಟೈನ್ ಡಬ್ಬಿ ಕುಲುಕಿದ. "ಸರ್ರ, ಸಣ್ಣದು ಸಾಕೇನ್ರಿ?"

"ದೊಡ್ಡದೇ ಕೊಡಪ್ಪ," ಎಂದೆ.