ಎಲ್ರಿಗೂ ಮಸಾಲೆ

ಹೊಳಲ್ಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಎರಡೂ ಮನೆಯವರನ್ನು ಕಟ್ಟಿಕೊಂಡು ಚಿತ್ರದುರ್ಗದ ಒಂದು ಹೋಟೆಲಿಗೆ ಹೋಗುತ್ತಿದ್ದರು. ಮೆನು ಮುಟ್ಟುತ್ತಿರಲಿಲ್ಲ. ನಾವಿನ್ನೂ ಕುರ್ಚಿ ಎಳೆಯುತ್ತಿರುವಾಗಲೇ ಅಂಗೈ ಎತ್ತಿ ಕೂಗುತ್ತಿದ್ದರು: "ಎಲ್ರಿಗೂ ಮಸಾಲೆದೋಸೆ! ಒಂದೇ ಹೇಳಿದ್ರೆ ಬೇಗ ಬರ್ತೈತೆ." ಬೇಗ ತಿಂದು ಈ ಮನುಷ್ಯ ಯಾವ ಕೋಟೆ ಕಾಯಬೇಕಿತ್ತೋ!

ಒಮ್ಮೆ ಸಪ್ಲೈಯರ್ ನೇರವಾಗಿ ಅವರ ಹೆಂಡತಿಯನ್ನೇ ಕೇಳಿದ: "ನಿಮಗೇನ್ ತರ್ಲಿ ಅಮ್ಮ?" ನಾನು ಅಕ್ಕ ಎಂದೇ ಕರೆಯುವ ಆಕೆ ಬಾಯಿ ತೆರೆದರು. "ಅವ್ಳಿಗೂ ಅದೇ ಕಣಪ್ಪ," ಎಂದು ಯಜಮಾನರು ಮುಗಿಸಿಬಿಟ್ಟರು. ಅಕ್ಕ ನೀರು ಕುಡಿದರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಒಂದು ದಿನ ಅಕ್ಕನೊಬ್ಬರನ್ನೇ ಬಸ್ಸು ಹತ್ತಿಸಿಕೊಂಡು ಅದೇ ಹೋಟೆಲಿಗೆ ಹೋದೆ. ಮೆನು ಅವರ ಕೈಗೇ ಕೊಟ್ಟೆ. "ಏನ್ ಬೇಕಾದ್ರೂ ಹೇಳ್ರಿ ಅಕ್ಕ, ತಡೆಯೋರು ಯಾರೂ ಇಲ್ಲ."

ಅಕ್ಕ ಮೇಲಿಂದ ಕೆಳಗಿನವರೆಗೆ ಓದಿದರು. ಹಾಳೆ ತಿರುವಿ ಮತ್ತೆ ಮೇಲಿಂದ ಓದಿದರು. ಸಪ್ಲೈಯರ್ ಕಾದು ನಿಂತ. ಕೊನೆಗೆ ಬ್ಯಾಗಿನಿಂದ ಫೋನ್ ತೆಗೆದು ಯಜಮಾನರಿಗೇ ಮಾಡಿದರು.

"ರೀ, ನಾನೇನ್ ತಿನ್ಲಿ?"

ಆ ಗಂಟಲು ನನ್ನ ಕುರ್ಚಿಯವರೆಗೂ ಕೇಳಿಸಿತು.

"ಇಬ್ರಿಗೂ ಮಸಾಲೆ ಹೇಳ್ಬಿಡು. ಒಂದೇ ಹೇಳಿದ್ರೆ ಬೇಗ ಬರ್ತೈತೆ."